ಸ್ಯಾಂಡೋ ಬನಿಯನ್ನಿನ ಹಿಂದಿರುವ ಮನುಷ್ಯ

ಹಾಸ್ಟೆಲ್ ಟೆರೇಸಿನ ಮೇಲೆ ಒಣಹಾಕಿರೋ ಬಟ್ಟೆಗಳನ್ನ ಒಮ್ಮೆ ನೋಡಿ. ಅರ್ಧಕ್ಕರ್ಧ ತೋಳಿಲ್ಲದ ಬನಿಯನ್ನುಗಳೇ. ಅಂಗಡಿಗೆ ಹೋದಾಗ ನಾವೆಲ್ಲ ಅದನ್ನ ಸ್ಯಾಂಡೋ ಬನಿಯನ್ ಅಂತಲೇ ಕೇಳ್ತೀವಿ. ನಮ್ಮ ತಾತಂದಿರೂ ಹಾಗೇ ಕೇಳುತ್ತಿದ್ದರು. ಆದರೆ ಈ ಸ್ಯಾಂಡೋ ಅಂದ್ರೆ ಏನು? ಕಂಪನಿಯ ಹೆಸರಲ್ಲ, ಬಟ್ಟೆಯ ಜಾತಿಯೂ ಅಲ್ಲ. ಅದು ಒಬ್ಬ ಮನುಷ್ಯನ ಹೆಸರು. ಅದೂ ಅಪ್ಪ ಅಮ್ಮ ಇಟ್ಟಿದ್ದಲ್ಲ, ಅವನೇ ಇಟ್ಟುಕೊಂಡಿದ್ದು.

ಈ ಸಂಚಿಕೆಯಲ್ಲಿ ಅವನ ಕಥೆಯನ್ನೇ ಆರಿಸಿಕೊಂಡಿದ್ದಕ್ಕೆ ಕಾರಣ ಇದೆ. ಸೆಮಿಸ್ಟರ್ ಶುರುವಾದ ಮೊದಲ ಎರಡು ವಾರ ಕ್ಯಾಂಪಸ್ ಜಿಮ್‌ನಲ್ಲಿ ಕಾಲಿಡೋಕೆ ಜಾಗ ಇರಲ್ಲ. ಬೆಂಚಿಗೆ ಕ್ಯೂ, ಡಂಬೆಲ್‌ಗೆ ಕ್ಯೂ, ಕನ್ನಡಿಗಂತೂ ಕೇಳಲೇಬೇಡಿ. ಮೊದಲ ಇಂಟರ್ನಲ್ಸ್ ಬರೋ ಹೊತ್ತಿಗೆ ಅದೇ ಜಾಗದಲ್ಲಿ ನಾಲ್ಕೇ ಜನ. ಉಳಿದವರು ಸೋಮಾರಿಗಳು ಅನ್ನೋದು ಸುಲಭ, ಆದರೆ ನಿಜ ಅಲ್ಲ. ಬಹಳಷ್ಟು ಜನಕ್ಕೆ ವಾರಕ್ಕೊಂದು ಲೆಕ್ಕ ಇರಲಿಲ್ಲ. ಕಣ್ಣ ಮುಂದೆ ಫೋನಿನಲ್ಲಿ ನೋಡಿದ ಯಾರದೋ ದೇಹ ಮಾತ್ರ ಇತ್ತು. ಲೆಕ್ಕವನ್ನ ಸಾಮಾನ್ಯ ಜನರ ಮನೆಗೆ ತಲುಪಿಸಿದವರಲ್ಲಿ ಸ್ಯಾಂಡೋ ಮೊದಲ ಸಾಲಿನವನು. ದೇಹವನ್ನ ತೋರಿಸಿ ಮಾರಿದವರಲ್ಲೂ ಅವನೇ ಮೊದಲ ಸಾಲಿನವನು. ಆದ್ದರಿಂದ ಅವನಿಂದ ಕಲಿಯೋದೂ ಇದೆ, ಹುಷಾರಾಗಿರೋದೂ ಇದೆ.

ಕೋನಿಗ್ಸ್‌ಬರ್ಗ್‌ನ ಹುಡುಗ

ಯೂಜೆನ್ ಸ್ಯಾಂಡೋನ ಹುಟ್ಟುಹೆಸರು ಫ್ರೀಡ್ರಿಶ್ ವಿಲ್ಹೆಲ್ಮ್ ಮುಲ್ಲರ್. ಹುಟ್ಟಿದ್ದು 1867ರ ಏಪ್ರಿಲ್ 2ರಂದು, ಆಗಿನ ಪ್ರಷ್ಯಾದ ಕೋನಿಗ್ಸ್‌ಬರ್ಗ್‌ನಲ್ಲಿ. ಗ್ರಾಫ್ ಥಿಯರಿ ಓದಿದವರಿಗೆ ಈ ಊರು ಗೊತ್ತೇ ಇರುತ್ತೆ: ಆಯ್ಲರ್ ಲೆಕ್ಕ ಹಾಕಿದ ಏಳು ಸೇತುವೆಗಳ ಊರು ಇದೇ. ಈಗ ಅದು ರಷ್ಯಾದಲ್ಲಿದೆ, ಹೆಸರು ಕಲಿನಿನ್‌ಗ್ರಾಡ್.

ತಾನು ಬಾಲ್ಯದಲ್ಲಿ ನರಪೇತಲ ಆಗಿದ್ದೆ, ಅಪ್ಪನ ಜೊತೆ ಇಟಲಿಗೆ ಹೋದಾಗ ಹಳೇ ಗ್ರೀಕ್, ರೋಮನ್ ವಿಗ್ರಹಗಳನ್ನ ನೋಡಿ ಹಾಗಾಗಬೇಕು ಅಂತ ಪಣ ತೊಟ್ಟೆ ಅಂತ ಸ್ಯಾಂಡೋ ಮುಂದೆ ಹೇಳಿಕೊಂಡ. ಇದು ನಿಜವೋ, ಕಟ್ಟಿದ್ದೋ ಅಂತ ಅವನ ಬದುಕನ್ನ ಅಧ್ಯಯನ ಮಾಡಿದವರಿಗೇ ಅನುಮಾನ. ಬಡಕಲು ಹುಡುಗ ಬಲಭೀಮನಾದ ಅನ್ನೋ ಕಥೆ ಆಗಲೂ ಚೆನ್ನಾಗಿ ಮಾರಾಟವಾಗುತ್ತಿತ್ತು, ಈಗಲೂ ಆಗುತ್ತೆ. ಎಡಗಡೆ ಮೊದಲಿನ ಫೋಟೋ, ಬಲಗಡೆ ಈಗಿನ ಫೋಟೋ ಇಟ್ಟು ತೋರಿಸುವ ಜಾಹೀರಾತಿನ ಅಜ್ಜ ಅಂತ ಬೇಕಾದರೆ ಇದನ್ನ ಕರೆಯಬಹುದು.

ಹದಿಹರೆಯ ಮುಗಿಯುವಷ್ಟರಲ್ಲಿ ಕಡ್ಡಾಯ ಸೈನ್ಯಸೇವೆ ತಪ್ಪಿಸಿಕೊಳ್ಳೋಕೆ ಊರು ಬಿಟ್ಟ. ಸರ್ಕಸ್ಸುಗಳ ಜೊತೆ ಯುರೋಪಿನ ಊರೂರು ಸುತ್ತಿದ. ಬ್ರಸೆಲ್ಸ್‌ನಲ್ಲಿ ಅವನಿಗೆ ಗುರು ಸಿಕ್ಕಿದರು. ಅವರ ನಿಜನಾಮ ಲುಡ್ವಿಗ್ ಡುರ್ಲಾಕರ್. ಎಲ್ಲರೂ ಕರೆಯುತ್ತಿದ್ದದ್ದು ಪ್ರೊಫೆಸರ್ ಅಟಿಲಾ ಅಂತ.

ಅಟಿಲಾ ಸ್ವತಃ ವೇದಿಕೆಯ ಮೇಲೆ ಭಾರ ಎತ್ತುತ್ತಿದ್ದವರು, ಜೊತೆಗೆ ಒಳ್ಳೆಯ ತರಬೇತುದಾರರು. ಅವರ ಕೈಕೆಳಗೆ ಸ್ಯಾಂಡೋ ಮಾಡಿದ್ದು ಬಾರ್‌ಬೆಲ್ಲಿನ ಕೆಲಸ, ಅದೂ ಭಾರೀ ತೂಕಗಳ ಜೊತೆ. ಈ ಮಾತು ನೆನಪಿರಲಿ, ಮುಂದೆ ಬೇಕಾಗುತ್ತೆ. ಯೂಜೆನ್ ಸ್ಯಾಂಡೋ ಅನ್ನೋ ಹೆಸರು ಅಂಟಿಕೊಂಡದ್ದೂ ಈ ವೇದಿಕೆಯ ವರ್ಷಗಳಲ್ಲೇ.

ಲಂಡನ್ನಿನ ಒಂದು ರಾತ್ರಿ

1889ರಲ್ಲಿ ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್‌ನಲ್ಲಿದ್ದ ರಾಯಲ್ ಅಕ್ವೇರಿಯಂ ಅನ್ನೋ ಮನರಂಜನಾ ಮಂದಿರದಲ್ಲಿ ಸ್ಯಾಮ್ಸನ್ ಎಂಬ ಬಲಶಾಲಿ ತನ್ನ ಶಿಷ್ಯ ಸೈಕ್ಲಾಪ್ಸ್ ಜೊತೆ ಪ್ರದರ್ಶನ ಕೊಡುತ್ತಿದ್ದ. ತನ್ನನ್ನ ಸೋಲಿಸಿದವರಿಗೆ 500 ಪೌಂಡ್ ಅಂತ ದಿನಾ ಸವಾಲು. ಆಗಿನ ಕಾಲಕ್ಕೆ ಅದು ದೊಡ್ಡ ಗಂಟು. ಅಟಿಲಾ ತಮ್ಮ ಹುಡುಗನನ್ನ ಕರೆದುಕೊಂಡು ಬಂದರು. ಮೊದಲು ಶಿಷ್ಯ ಸೋತ. ನವೆಂಬರ್ 2ರ ರಾತ್ರಿ ಗುರುವೂ ಸೋತ. ಸ್ಯಾಮ್ಸನ್ ಕಬ್ಬಿಣದ ಸರಳು ಬಗ್ಗಿಸಿದ, ಸ್ಯಾಂಡೋನೂ ಬಗ್ಗಿಸಿದ. ಸರಪಳಿ ಹರಿದ, ಇವನೂ ಹರಿದ. ಆಮೇಲೆ ಸ್ಯಾಂಡೋ ತನ್ನ ಭಾರದ ಡಂಬೆಲ್ ತೆಗೆದಾಗ ಸ್ಯಾಮ್ಸನ್‌ಗೆ ಉತ್ತರ ಇರಲಿಲ್ಲ. ಇಂಗ್ಲಿಷ್ ಸರಿಯಾಗಿ ಬಾರದ 22 ವರ್ಷದ ಹುಡುಗ ಒಂದೇ ವಾರದಲ್ಲಿ ಲಂಡನ್ನಿಗೆಲ್ಲ ಗೊತ್ತಾದ.

ಇಲ್ಲಿ ಇನ್ನೊಂದು ವಿಷಯವೂ ನಡೆಯಿತು. ಅಲ್ಲಿಯವರೆಗೆ ಬಲಶಾಲಿ ಅಂದ್ರೆ ದಪ್ಪ ಹೊಟ್ಟೆ, ದಪ್ಪ ಸೊಂಟದ ಆಳು ಅಂತಲೇ ಜನ ತಿಳಿದಿದ್ದರು. ಸ್ಯಾಂಡೋ ಐದಡಿ ಒಂಬತ್ತು ಇಂಚಿನ ಆಸುಪಾಸಿನ ಮನುಷ್ಯ. ಸೂಟು ಹಾಕಿಕೊಂಡು ನಿಂತರೆ ಗುಂಪಿನಲ್ಲಿ ಒಬ್ಬ. ಕೋಟು ತೆಗೆದಾಗ ಮಾತ್ರ ಸಭೆ ದಂಗಾಗುತ್ತಿತ್ತು. ತೂಕಕ್ಕಿಂತ ತೂಕ ಎತ್ತೋ ದೇಹವೇ ಪ್ರದರ್ಶನ ಅನ್ನೋದು ನಿಧಾನವಾಗಿ ಅರ್ಥವಾಗತೊಡಗಿತು.

ಅಮೆರಿಕ, ಎಡಿಸನ್ ಮತ್ತು ಒಂದು ಪಾಪದ ಸಿಂಹ

ಅದು ಪೂರ್ತಿ ಅರ್ಥವಾದದ್ದು ಫ್ಲೋರೆಂಜ್ ಜೀಗ್‌ಫೆಲ್ಡ್ ಎಂಬ ತರುಣನಿಗೆ. ಸ್ಯಾಂಡೋ 1893ರಲ್ಲಿ ನ್ಯೂಯಾರ್ಕಿಗೆ ಬಂದ. ಅದೇ ವರ್ಷ ಷಿಕಾಗೋದಲ್ಲಿ ವಿಶ್ವ ಮೇಳ ನಡೆಯುತ್ತಿತ್ತು. ವಿವೇಕಾನಂದರು ಸರ್ವಧರ್ಮ ಸಮ್ಮೇಳನದಲ್ಲಿ ಮಾತನಾಡಿದ್ದೂ ಆ ಮೇಳದ ಸಂದರ್ಭದಲ್ಲೇ. ಜೀಗ್‌ಫೆಲ್ಡ್ ಅಲ್ಲಿನ ಟ್ರೊಕಡೆರೋ ರಂಗಮಂದಿರಕ್ಕೆ ಸ್ಯಾಂಡೋನನ್ನ ಕರೆತಂದ. ಜನ ಎತ್ತಿದ ಭಾರ ಎಷ್ಟು ಅಂತ ಕೇಳ್ತಿಲ್ಲ, ಸ್ನಾಯುಗಳನ್ನೇ ನೋಡ್ತಿದಾರೆ ಅಂತ ಅವನ ವ್ಯಾಪಾರಿ ಕಣ್ಣಿಗೆ ಬಿತ್ತು. ಆಟ ಮುಗಿದ ಮೇಲೆ ದಾನಕ್ಕೆ ದುಡ್ಡು ಕೊಟ್ಟ ಶ್ರೀಮಂತ ಹೆಂಗಸರು ತೆರೆಯ ಹಿಂದೆ ಬಂದು ಆ ತೋಳುಗಳನ್ನ ಮುಟ್ಟಿ ನೋಡಬಹುದು ಅನ್ನೋ ವ್ಯವಸ್ಥೆಯನ್ನೂ ಮಾಡಿದ. ಪತ್ರಿಕೆಗಳಿಗೆ ಹಬ್ಬ.

ಹಾರ್ವರ್ಡ್ ವಿಶ್ವವಿದ್ಯಾಲಯದ ದೈಹಿಕ ಶಿಕ್ಷಣದ ಪ್ರಸಿದ್ಧ ತಜ್ಞ ಡಡ್ಲಿ ಸಾರ್ಜೆಂಟ್ ಅವನ ದೇಹವನ್ನ ಅಳತೆ ಮಾಡಿ ಬೆರಗಾದರು. 1894ರ ಮಾರ್ಚ್ 6ರಂದು ಎಡಿಸನ್‌ನ ಬ್ಲ್ಯಾಕ್ ಮರಿಯಾ ಸ್ಟುಡಿಯೋದಲ್ಲಿ ಸ್ಯಾಂಡೋ ಕ್ಯಾಮೆರಾ ಮುಂದೆ ನಿಂತ. ಒಂದು ನಿಮಿಷವೂ ಇಲ್ಲದ ಆ ತುಣುಕಿನಲ್ಲಿ ಕಥೆ ಇಲ್ಲ, ಮಾತಿಲ್ಲ, ಬರೀ ತೋಳು ಮಡಚೋದು, ತಿರುಗಿ ನಿಲ್ಲೋದು. ಚಲನಚಿತ್ರದ ತೊಟ್ಟಿಲ ದಿನಗಳಲ್ಲೇ ಜಿಮ್ ರೀಲ್ ಹುಟ್ಟಿತ್ತು ಅನ್ನಿ.

ಇದೇ ಪ್ರಚಾರದ ಹುಚ್ಚು ಒಮ್ಮೆ ನಗೆಪಾಟಲಿಗೂ ಈಡಾಯಿತು. 1894ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಸಿಂಹದ ಜೊತೆ ಕುಸ್ತಿ ಅಂತ ಜಾಹೀರಾತು ಹೊಡೆದರು. ಸಿಂಹದ ಬಾಯಿಗೆ ಕುಕ್ಕೆ, ಪಂಜಗಳಿಗೆ ಗವುಸು. ಅದಕ್ಕೋ ಜಗಳದ ಮನಸ್ಸೇ ಇರಲಿಲ್ಲ. ದುಡ್ಡು ಕೊಟ್ಟು ಬಂದಿದ್ದ ಜನ ಗೇಲಿ ಮಾಡಿ ಹೋದರು. ಅದೇ ವರ್ಷ ಇಂಗ್ಲೆಂಡಿಗೆ ಮರಳಿದಾಗ ಬ್ಲಾಂಚ್ ಬ್ರೂಕ್ಸ್ ಎಂಬಾಕೆಯನ್ನ ಮದುವೆಯಾದ. ಮುಂದೆ ಇಬ್ಬರು ಹೆಣ್ಣುಮಕ್ಕಳು.

ಒಂದು ಕೋಷ್ಟಕ, ಒಂದು ಸ್ಪ್ರಿಂಗು

ಇಲ್ಲಿಂದ ಮುಂದಿನದೇ ನಮಗೆ ಮುಖ್ಯ. ಸ್ಯಾಂಡೋ ವೇದಿಕೆಯಿಂದ ನಿಧಾನವಾಗಿ ಇಳಿದು ಮೇಷ್ಟರಾದ. 1897ರಲ್ಲಿ ಲಂಡನ್ನಿನ ಸೇಂಟ್ ಜೇಮ್ಸ್ ಸ್ಟ್ರೀಟ್‌ನಲ್ಲಿ ವ್ಯಾಯಾಮ ಸಂಸ್ಥೆ ತೆರೆದ. ಬಂದವರ ದೇಹವನ್ನ ಮೊದಲು ಅಳತೆ ಮಾಡಿ, ಅವರವರಿಗೆ ತಕ್ಕ ಅಭ್ಯಾಸ ಬರೆದುಕೊಡೋದು ಅಲ್ಲಿನ ಕ್ರಮ. ಅದೇ ವರ್ಷ ಬಲ ಗಳಿಸುವ ಬಗೆ ಕುರಿತ ಅವನ ಪುಸ್ತಕ ಬಂತು. ಮರುವರ್ಷ ಮಾಸಪತ್ರಿಕೆ. ಸಂಸ್ಥೆಗೆ ಬರಲಾರದವರಿಗೆ ಅಂಚೆಯ ಮೂಲಕ ಪಾಠ.

ಪುಸ್ತಕದಲ್ಲಿದ್ದ ಅತ್ಯಂತ ಉಪಯುಕ್ತ ವಸ್ತು ಅವನ ಫೋಟೋ ಅಲ್ಲ, ಒಂದು ಕೋಷ್ಟಕ. ಯಾವ ವಯಸ್ಸಿನವರು ಯಾವ ಅಭ್ಯಾಸವನ್ನ ಎಷ್ಟು ಸಲ ಮಾಡಬೇಕು, ಎಷ್ಟು ದಿನಕ್ಕೊಮ್ಮೆ ಒಂದೊಂದು ಎಣಿಕೆ ಏರಿಸಬೇಕು ಅಂತ ಅಂಕಿಗಳಲ್ಲಿ ಬರೆದಿತ್ತು. ಇವತ್ತು ಎಷ್ಟು, ನಾಳಿದ್ದು ಎಷ್ಟು ಅಂತ ಗುಮಾಸ್ತನೊಬ್ಬ ತನ್ನ ಕೋಣೆಯಲ್ಲೇ ನೋಡಿಕೊಳ್ಳಬಹುದಿತ್ತು. ಜೊತೆಗೆ ಕನ್ನಡಿ ಮುಂದೆ ನಿಂತು, ಕೆಲಸ ಮಾಡ್ತಿರೋ ಸ್ನಾಯುವಿನ ಮೇಲೇ ಮನಸ್ಸಿಡಬೇಕು ಅನ್ನೋದು ಅವನ ಪಾಠ. ಡಂಬೆಲ್ ಆಡಿಸ್ತಾ ಮನಸ್ಸನ್ನ ಬೇರೆಲ್ಲೋ ಬಿಟ್ಟರೆ ಅದು ವ್ಯಾಯಾಮವೇ ಅಲ್ಲ ಅಂತ ಅವನು ತಿಳಿದಿದ್ದ. ಸೆಟ್ಟಿನ ನಡುವೆ ಫೋನ್ ನೋಡೋ ನಮಗೆ ಈ ಮಾತು ಚುರುಕ್ ಅನ್ನಬೇಕು.

ಮನಸ್ಸು ಅಲ್ಲೇ ಇರಲಿ ಅಂತ ಅವನೊಂದು ಉಪಕರಣವನ್ನೂ ಮಾರಿದ. ಡಂಬೆಲ್ಲನ್ನ ಉದ್ದಕ್ಕೆ ಎರಡು ಹೋಳು ಮಾಡಿ ನಡುವೆ ಉಕ್ಕಿನ ಸ್ಪ್ರಿಂಗುಗಳನ್ನ ಇಟ್ಟಿದ್ದು. ಅಭ್ಯಾಸ ಮುಗಿಯೋವರೆಗೂ ಅದನ್ನ ಮುಷ್ಟಿಯಲ್ಲಿ ಅದುಮಿ ಹಿಡಿಯಬೇಕು. ಗಮನ ತಪ್ಪಿದರೆ ಹೋಳುಗಳು ಬಿಚ್ಚಿಕೊಳ್ತವೆ. ಬಲ ಬಂದಂತೆ ಸ್ಪ್ರಿಂಗುಗಳ ಸಂಖ್ಯೆ ಹೆಚ್ಚಿಸಬಹುದು. ಸಮಾನಾಂತರವಾಗಿ ಸ್ಪ್ರಿಂಗ್ ಸೇರಿಸಿದರೆ ಒಟ್ಟು ಬಿಗುಪು ಕೂಡುತ್ತಾ ಹೋಗುತ್ತೆ ಅಂತ ನಾವು ಮೊದಲ ವರ್ಷವೇ ಓದಿದ್ದೀವಲ್ಲ, ಅದೇ ತತ್ವ.

ಈಗ ಆಗಲೇ ಹೇಳಿದ ಮಾತಿಗೆ ಬರೋಣ. ಸ್ಯಾಂಡೋ ಜನರಿಗೆ ಮಾರಿದ್ದು ಕೆಲವೇ ಪೌಂಡುಗಳ ಹಗುರ ಡಂಬೆಲ್ ಮತ್ತು ರಬ್ಬರ್ ಎಳೆತದ ಉಪಕರಣ. ಅವನ ದೇಹ ಬಲಿತದ್ದು ಅಟಿಲಾ ಹತ್ತಿರ ಎತ್ತಿದ ಭಾರದ ಕಬ್ಬಿಣದಿಂದ, ವರ್ಷಗಟ್ಟಲೆ ವೇದಿಕೆಯ ದುಡಿಮೆಯಿಂದ. ಜಾಹೀರಾತು ನೋಡಿದವರಿಗೆ ಈ ಡಂಬೆಲ್ ಕೊಂಡರೆ ಈ ದೇಹ ಬರುತ್ತೆ ಅನಿಸುತ್ತಿತ್ತು. ಹಗುರ ಡಂಬೆಲ್ಲಿಂದ ಮೇಜಿನ ಮುಂದೆ ಕೂತು ಜಡ್ಡುಗಟ್ಟಿದ ಮೈಗೆ ಖಂಡಿತ ಒಳ್ಳೆಯದಾಯಿತು. ಆದರೆ ಅದರಿಂದ ಸ್ಯಾಂಡೋ ಆಗೋದು ಸಾಧ್ಯವಿರಲಿಲ್ಲ. ಮಾರುವವನ ದೇಹ ಹೇಗೆ ಬಂತು, ಅವನು ಮಾರ್ತಿರೋದು ಏನು, ಇವೆರಡೂ ಒಂದೇನಾ? ಯಾವ ಚಾನೆಲ್ ನೋಡಿದರೂ, ಯಾವ ಡಬ್ಬಿ ಕೊಂಡರೂ ಈ ಪ್ರಶ್ನೆಯನ್ನ ಮೊದಲು ಕೇಳಬೇಕು ಅನ್ನೋದು ನಮ್ಮ ಅಭಿಪ್ರಾಯ.

ಆಲ್ಬರ್ಟ್ ಹಾಲ್, 1901

ಪತ್ರಿಕೆಯ ಶುರುವಿನಲ್ಲೇ ಸ್ಯಾಂಡೋ ದೊಡ್ಡದೊಂದು ಸ್ಪರ್ಧೆ ಘೋಷಿಸಿದ್ದ. ತನ್ನ ಪದ್ಧತಿಯಲ್ಲಿ ಅಭ್ಯಾಸ ಮಾಡಿದವರಿಗೆ ಮಾತ್ರ ಪ್ರವೇಶ. ಇಂಗ್ಲೆಂಡಿನ ಕೌಂಟಿ ಕೌಂಟಿಗಳಲ್ಲಿ ಆಯ್ಕೆ ನಡೆದು ಮುಗಿಯೋಕೆ ಮೂರು ವರ್ಷ ಬೇಕಾಯಿತು. ಕೊನೆಯ ಸುತ್ತು 1901ರ ಸೆಪ್ಟೆಂಬರ್ 14ರಂದು ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ. ಸಭಾಂಗಣ ಕಿಕ್ಕಿರಿದಿತ್ತು. ತೀರ್ಪುಗಾರರು ಮೂವರು: ಶಿಲ್ಪಿ ಸರ್ ಚಾರ್ಲ್ಸ್ ಲಾಸ್, ಷರ್ಲಾಕ್ ಹೋಮ್ಸ್‌ನನ್ನ ಸೃಷ್ಟಿಸಿದ ಆರ್ಥರ್ ಕಾನನ್ ಡಾಯ್ಲ್, ಮತ್ತು ಸ್ವತಃ ಸ್ಯಾಂಡೋ. ಡಾಯ್ಲ್ ಕೂಡ ಸ್ಯಾಂಡೋ ಬಳಿ ವ್ಯಾಯಾಮ ಕಲಿತವರೇ.

ಗೆದ್ದವನು ನಾಟಿಂಗ್‌ಹ್ಯಾಮ್ ಕಡೆಯ ವಿಲಿಯಂ ಮರ್ರೆ. ಬಹುಮಾನ, ಸ್ಯಾಂಡೋನದೇ ಚಿನ್ನದ ಪುಟ್ಟ ಪ್ರತಿಮೆ. ದೇಹದಾರ್ಢ್ಯದ ಇತಿಹಾಸದಲ್ಲಿ ಇದನ್ನೇ ಮೊದಲ ದೊಡ್ಡ ಸ್ಪರ್ಧೆ ಅಂತ ಲೆಕ್ಕ ಹಾಕ್ತಾರೆ. ಇವತ್ತಿಗೂ ಮಿಸ್ಟರ್ ಒಲಿಂಪಿಯಾ ಗೆದ್ದವರ ಕೈಗೆ ಬರೋದು ಸ್ಯಾಂಡೋ ಪ್ರತಿಮೆಯೇ; 1977ರಿಂದ ನಡೆದುಬಂದ ಪದ್ಧತಿ ಅದು.

ಆ ಸ್ಪರ್ಧೆಯ ನಿಯಮ ನಮಗೆ ಇಷ್ಟವಾಯಿತು. ಬರೀ ಗಾತ್ರಕ್ಕೆ ಅಂಕ ಇರಲಿಲ್ಲ. ಇಡೀ ದೇಹದ ಬೆಳವಣಿಗೆ, ಅಂಗಾಂಗಗಳ ನಡುವಿನ ಹೊಂದಾಣಿಕೆ, ಸ್ನಾಯುವಿನ ಬಿಗಿ, ಆರೋಗ್ಯ, ಚರ್ಮದ ಸ್ಥಿತಿ ಎಲ್ಲವನ್ನೂ ನೋಡುತ್ತಿದ್ದರು. ಸೋಮವಾರ ಎದೆ, ಮಂಗಳವಾರ ತೋಳು, ಬುಧವಾರ ಮತ್ತೆ ಎದೆ, ಕಾಲಿನ ದಿನ ಬಂದಾಗ ಮಾತ್ರ ತಲೆನೋವು ಅನ್ನೋ ನಮ್ಮ ಜಿಮ್ ಮಿತ್ರರು ಆ ಸಾಲಿನಲ್ಲಿ ನಿಂತಿದ್ದರೆ ಮೊದಲ ಸುತ್ತಿಗೇ ಮನೆಗೆ.

ಅದೇ ವರ್ಷ ಬ್ರಿಟಿಷ್ ಮ್ಯೂಸಿಯಂನ ನಿಸರ್ಗ ಇತಿಹಾಸ ವಿಭಾಗದವರು ಸ್ಯಾಂಡೋನ ಇಡೀ ದೇಹದ ಪ್ಲಾಸ್ಟರ್ ಅಚ್ಚು ತೆಗೆಸಿದರು. ಉದ್ದೇಶ, ಯುರೋಪಿಯನ್ ಜನಾಂಗದ ಮಾದರಿ ದೇಹ ಅಂತ ತೋರಿಸೋದು. ಕತ್ತೆ, ಕುದುರೆಗಳನ್ನ ವಿಂಗಡಿಸಿದ ಹಾಗೆ ಜನರನ್ನೂ ಮೇಲು ಕೀಳು ಅಂತ ಜೋಡಿಸಿಡುತ್ತಿದ್ದ ಸಾಮ್ರಾಜ್ಯದ ಕಾಲ ಅದು. ಒಬ್ಬನ ತೋಳು ತೋರಿಸಿ ಒಂದು ಜನಾಂಗವೇ ಶ್ರೇಷ್ಠ ಅನ್ನೋ ವಾದವನ್ನ ಈಗ ನಾವು ಒಪ್ಪೋದಿಲ್ಲ. ಬಲ ಅನ್ನೋದು ಅಭ್ಯಾಸದಿಂದ ಬರುತ್ತೆ ಅಂತ ತನ್ನ ಪುಸ್ತಕದಲ್ಲಿ ಬರೆದವನೇ ಈ ಪ್ರದರ್ಶನಕ್ಕೂ ಮೈ ಕೊಟ್ಟದ್ದು ವಿಪರ್ಯಾಸ.

ಭಾರತಕ್ಕೆ ಬಂದ, ನಮ್ಮ ಮಾತಿನಲ್ಲಿ ಉಳಿದ

ಆ ವಾದಕ್ಕೆ ಉತ್ತರ ಕೊಟ್ಟವರಲ್ಲಿ ನಮ್ಮವರೂ ಇದ್ದರು. 1904–05ರಲ್ಲಿ ಸ್ಯಾಂಡೋ ಪೂರ್ವದೇಶಗಳ ಪ್ರವಾಸ ಮಾಡಿದ. ಭಾರತದಲ್ಲಿ ಕಲ್ಕತ್ತಾ, ಬೊಂಬಾಯಿಯಂಥ ನಗರಗಳಲ್ಲಿ ಪ್ರದರ್ಶನ ಕೊಟ್ಟ. ಇಲ್ಲಿ ವ್ಯಾಯಾಮ ಹೊಸದೇನಲ್ಲ. ಗರಡಿಮನೆ, ಮಟ್ಟಿ, ಗದೆ, ದಂಡ, ಬಸ್ಕಿ ಎಲ್ಲ ಅವನು ಹುಟ್ಟೋಕೆ ಎಷ್ಟೋ ಮುಂಚಿನಿಂದ ಇದ್ದವು. ಆದರೆ ಭಾರತೀಯರು ಪುಕ್ಕಲರು, ಕೈಲಾಗದವರು ಅಂತ ಆಳುವವರು ಹೀಯಾಳಿಸುತ್ತಿದ್ದ ದಿನಗಳವು. ಸ್ಯಾಂಡೋನ ಕೋಷ್ಟಕ, ಡಂಬೆಲ್ಲುಗಳನ್ನ ಇಲ್ಲಿನ ಯುವಕರು ತಮ್ಮದೇ ಕಾರಣಕ್ಕೆ ಕೈಗೆತ್ತಿಕೊಂಡರು. ಅವನ ಹೆಸರು ಬಲಶಾಲಿ ಅನ್ನೋದಕ್ಕೆ ಪರ್ಯಾಯವೇ ಆಯಿತು. ತಮಿಳಿನ ಸಿನಿಮಾ ನಿರ್ಮಾಪಕ ಚಿನ್ನಪ್ಪ ತೇವರ್ ಅವರ ಹೆಸರಿನ ಹಿಂದೆ ಸ್ಯಾಂಡೋ ಅಂತ ಇದ್ದದ್ದು ಹೀಗೇ. ಬನಿಯನ್ನಿಗೂ ಅದೇ ಹೆಸರು ಅಂಟಿತು.

ಬೆಂಗಳೂರಿನಲ್ಲಿ ಈ ಹೊಸ ಗಾಳಿಗೆ ಮೈಯೊಡ್ಡಿದವರು ಕೆ.ವಿ. ಅಯ್ಯರ್. ಅವರ ಹರ್ಕ್ಯುಲಿಸ್ ವ್ಯಾಯಾಮಶಾಲೆ ಊರಿಗೇ ಹೆಸರುವಾಸಿ. ಬಾರ್‌ಬೆಲ್ಲಿನ ಜೊತೆಗೆ ಸೂರ್ಯನಮಸ್ಕಾರ, ಆಸನಗಳನ್ನೂ ಸೇರಿಸಿ ಕಲಿಸಿದರು, ಅಂಚೆಯ ಮೂಲಕವೂ ಪಾಠ ಹೇಳಿದರು, ಇಂಗ್ಲಿಷಿನಲ್ಲಿ ವ್ಯಾಯಾಮದ ಪುಸ್ತಕಗಳನ್ನ ಬರೆದರು. ಅದೇ ಕೈಯಲ್ಲಿ ಕನ್ನಡದಲ್ಲಿ ಶಾಂತಲಾ, ರೂಪದರ್ಶಿ ಕಾದಂಬರಿಗಳನ್ನೂ ಬರೆದರು. ಜಿಮ್‌ಗೆ ಹೋಗೋರು ಕನ್ನಡ ಓದಲ್ಲ, ಕನ್ನಡ ಓದೋರು ಜಿಮ್‌ಗೆ ಹೋಗಲ್ಲ ಅಂತ ಯಾರಾದರೂ ಹೇಳಿದರೆ ಈ ಹೆಸರು ಹೇಳಿ ಸುಮ್ಮನಾಗಿಸಿ.

ಕೋಕೋ ಡಬ್ಬಿ ಮತ್ತು ಕಲ್ಲಿಲ್ಲದ ಸಮಾಧಿ

1906ರಲ್ಲಿ ಸ್ಯಾಂಡೋ ಬ್ರಿಟಿಷ್ ಪ್ರಜೆಯಾದ. 1911ರಲ್ಲಿ ದೊರೆ ಐದನೇ ಜಾರ್ಜ್ ಅವನನ್ನ ತಮ್ಮ ವ್ಯಾಯಾಮ ಪ್ರಾಧ್ಯಾಪಕನೆಂದು ನೇಮಿಸಿದರು. ಹೆಸರಿನ ಬಲದ ಮೇಲೆ ಉಪಕರಣ, ಪುಸ್ತಕ, ಚಿಕಿತ್ಸೆ, ಕೊನೆಗೆ ಆರೋಗ್ಯ ಮತ್ತು ಬಲ ಕೊಡುವ ಕೋಕೋ ಪುಡಿಯನ್ನೂ ಮಾರಿದ. ಮೊದಲ ಮಹಾಯುದ್ಧ ಬಂತು. ಜರ್ಮನಿಯಲ್ಲಿ ಹುಟ್ಟಿದವನು ಅನ್ನೋ ಕಾರಣಕ್ಕೆ ಜನ ಅನುಮಾನದಿಂದ ನೋಡಿದರು. 1916ರ ಹೊತ್ತಿಗೆ ಕೋಕೋ ಕಂಪನಿ ಮುಚ್ಚಿತು.

1925ರ ಅಕ್ಟೋಬರ್ 14ರಂದು, 58ನೆಯ ವಯಸ್ಸಿನಲ್ಲಿ, ಲಂಡನ್ನಿನಲ್ಲಿ ಸ್ಯಾಂಡೋ ತೀರಿಕೊಂಡ. ಹಳ್ಳಕ್ಕೆ ಬಿದ್ದ ಕಾರನ್ನ ಒಬ್ಬನೇ ಎತ್ತಿದ್ದರಿಂದ ಮಿದುಳಿನ ರಕ್ತನಾಳ ಒಡೆಯಿತು ಅಂತ ಆಗ ಸುದ್ದಿ ಹಬ್ಬಿತು. ಈ ಕಥೆಯನ್ನ ಅವನ ಜೀವನಚರಿತ್ರೆಕಾರರು ಅಷ್ಟಾಗಿ ನಂಬಲ್ಲ. ಬಲಶಾಲಿಯ ಸಾವಿಗೂ ಬಲದ ಕಥೆಯೇ ಬೇಕಾಗಿತ್ತು ಅಂತ ಕಾಣುತ್ತೆ. ಪಟ್ನಿ ವೇಲ್ ಸ್ಮಶಾನದಲ್ಲಿ ಹೂಳಿದರು. ಹೆಂಡತಿ ಸಮಾಧಿಗೆ ಒಂದು ಕಲ್ಲನ್ನೂ ನೆಡಿಸಲಿಲ್ಲ. ಗಂಡ ಹೆಂಡತಿ ನಡುವೆ ಮನಸ್ತಾಪ ಇತ್ತು ಅಂತ ಹೇಳ್ತಾರೆ. ಜಗತ್ತೆಲ್ಲ ಅಳೆದು, ಅಚ್ಚು ತೆಗೆದು, ಚಿತ್ರಿಸಿಟ್ಟುಕೊಂಡ ದೇಹ ಮುಕ್ಕಾಲು ಶತಮಾನ ಹೆಸರಿಲ್ಲದೆ ಮಣ್ಣಲ್ಲಿತ್ತು. ಈ ಶತಮಾನದಲ್ಲಿ ಅವನ ವಂಶದವನೊಬ್ಬ ಒಂದು ಕಲ್ಲು ನಿಲ್ಲಿಸಿದ.

ದೇಹವನ್ನ ನೋಡುವವರಿಗಾಗಿಯೇ ಕಟ್ಟಿದರೆ, ನೋಡುವವರು ಎದ್ದು ಹೋದ ಮೇಲೆ ಏನು ಉಳಿಯುತ್ತೆ? ಸ್ಯಾಂಡೋನ ವಿಷಯದಲ್ಲಿ ಉಳಿದದ್ದು ಆ ಕೋಷ್ಟಕದ ಹಿಂದಿನ ಯೋಚನೆ: ಸ್ವಲ್ಪದರಿಂದ ಶುರು ಮಾಡು, ಎಣಿಸು, ಬರೆದಿಡು, ನಿಧಾನವಾಗಿ ಏರಿಸು. 1945ರಲ್ಲಿ ಅಮೆರಿಕದ ಸೇನಾ ವೈದ್ಯ ಥಾಮಸ್ ಡಿಲೋರ್ಮ್ ಗಾಯಗೊಂಡ ಸೈನಿಕರ ಕಾಲುಗಳಿಗೆ ಬಲ ತರಿಸಿದ ಅನುಭವವನ್ನ ಪ್ರಕಟಿಸಿದರು. ಅವರದೂ ಹಂತಹಂತವಾಗಿ ತೂಕ ಏರಿಸುವ ದಾರಿಯೇ, ಆದರೆ ಹಗುರ ಡಂಬೆಲ್ಲಿನ ಬದಲು ನಿಜವಾದ ಭಾರ. ಇವತ್ತು ಜಿಮ್‌ನಲ್ಲಿ ಎಲ್ಲರ ಬಾಯಲ್ಲಿರೋ ಹತ್ತರ ಮೂರು ಸೆಟ್ ಅನ್ನೋ ಮಾತಿನ ಬೇರು ಅವರ ಕೆಲಸದಲ್ಲೇ ಇದೆ.

ಇನ್ನು ನಮ್ಮ ವಾರ

ಹಾಗಾದರೆ ಎಂಟು ಗಂಟೆ ಕ್ಲಾಸು, ಲ್ಯಾಬ್ ರೆಕಾರ್ಡು, ಮೆಸ್ಸಿನ ಊಟದ ನಡುವೆ ವಾರ ಹೇಗಿರಬೇಕು? ವಿಶ್ವ ಆರೋಗ್ಯ ಸಂಸ್ಥೆ ವಯಸ್ಕರಿಗೆ ಹೇಳೋದು ವಾರಕ್ಕೆ ಕನಿಷ್ಠ ಎರಡು ದಿನ ಸ್ನಾಯುಬಲದ ವ್ಯಾಯಾಮ. ಹೊಸಬರಿಗೆ ಮೂರು ದಿನ ಧಾರಾಳ ಸಾಕು. ಸೋಮ, ಬುಧ, ಶುಕ್ರ. ನಡುವಿನ ದಿನ ವಿಶ್ರಾಂತಿ. ಎರಡೇ ಪಾಠ ಇಟ್ಟುಕೊಳ್ಳಿ, ಒಂದಾದ ಮೇಲೊಂದು ಬರಲಿ.

ಮೊದಲ ಪಾಠ: ಸ್ಕ್ವಾಟ್, ಬೆಂಚ್ ಪ್ರೆಸ್, ಕೂತು ಎಳೆಯುವ ರೋ, ಕೊನೆಗೆ ಪ್ಲ್ಯಾಂಕ್. ಬೆಂಚ್ ಖಾಲಿ ಇಲ್ಲದಿದ್ದರೆ ದಂಡ ಹೊಡೆಯಿರಿ.

ಎರಡನೇ ಪಾಠ: ಡೆಡ್‌ಲಿಫ್ಟ್, ಡಂಬೆಲ್ಲನ್ನ ತಲೆ ಮೇಲೆತ್ತುವ ಪ್ರೆಸ್, ಲ್ಯಾಟ್ ಪುಲ್‌ಡೌನ್, ಲಂಜ್.

ಒಂದು ವಾರ ಒಂದು, ಎರಡು, ಒಂದು. ಮುಂದಿನ ವಾರ ಎರಡು, ಒಂದು, ಎರಡು. ತಳ್ಳೋದು, ಎಳೆಯೋದು, ಕೂತು ಏಳೋದು, ನೆಲದಿಂದ ಎತ್ತೋದು ಎಲ್ಲ ಬಂತು. ಆಲ್ಬರ್ಟ್ ಹಾಲಿನ ತೀರ್ಪುಗಾರರಿಗೂ ಒಪ್ಪಿಗೆಯಾದೀತು.

ಪ್ರತಿಯೊಂದೂ ಮೂರು ಸೆಟ್, ಪ್ರತಿ ಸೆಟ್ಟಿಗೆ 8ರಿಂದ 10 ಸಲ. ಪ್ಲ್ಯಾಂಕಿಗೆ ಮಾತ್ರ ಎಣಿಕೆ ಬೇಡ, ಪ್ರತಿ ಸೆಟ್ಟಿಗೆ 30 ಸೆಕೆಂಡು ಹಿಡಿದರೆ ಆಯಿತು. ಸಮಯದ ಲೆಕ್ಕ ಹಾಕೋಣ. ನಾಲ್ಕು ಅಭ್ಯಾಸಕ್ಕೆ 12 ಸೆಟ್. ಸೆಟ್ಟಿಗೆ 40 ಸೆಕೆಂಡು, ನಡುವೆ 2 ನಿಮಿಷ ಬಿಡುವು ಅಂದ್ರೂ 32 ನಿಮಿಷ. ಮೊದಲು ಮೈ ಬೆಚ್ಚಗಾಗಿಸೋಕೆ ಹತ್ತು ನಿಮಿಷ, ಬೆಂಚಿಗೆ ಕಾಯೋಕೆ ಇನ್ನಷ್ಟು. ಒಂದು ಗಂಟೆಯೊಳಗೆ ಹಾಸ್ಟೆಲ್ಲಿಗೆ ವಾಪಸ್. ಟೈಮಿಲ್ಲ ಅನ್ನೋ ನೆಪ ಇಲ್ಲಿಗೆ ಮುಗೀತು.

ತೂಕ ಎಷ್ಟು? ಸೆಟ್ ಮುಗಿದಾಗ ಇನ್ನೂ ಎರಡು ಮೂರು ಸಲ ಎತ್ತಬಹುದಿತ್ತು ಅನ್ನಿಸುವಷ್ಟು. ಮೊದಲ ಎರಡು ವಾರ ಇನ್ನೂ ಹಗುರ, ಭಂಗಿ ಕಲಿಯೋಕೆ. ಮೂರೂ ಸೆಟ್ಟಿನಲ್ಲಿ 10 ತಲುಪಿದ ದಿನ ಪುಸ್ತಕದಲ್ಲಿ ಬರೆದಿಡಿ, ಮುಂದಿನ ಸಲ ತೂಕ ಏರಿಸಿ, ಮತ್ತೆ 8ರಿಂದ ಶುರು. ಬಾರ್‌ಬೆಲ್ಲಿಗೆ ಎರಡೂ ಕಡೆ 1.25 ಕಿಲೋ ಪ್ಲೇಟು ಸೇರಿಸಿದರೆ ಒಟ್ಟು 2.5 ಕಿಲೋ. 40 ಕಿಲೋ ಎತ್ತುವವರಿಗೆ ಅದು ಶೇ. 6ರ ಆಸುಪಾಸು ಏರಿಕೆ. ಅದೇ ಡಂಬೆಲ್ಲಿನಲ್ಲಿ 5 ಕಿಲೋದಿಂದ 7.5ಕ್ಕೆ ಹಾರಿದರೆ ಏರಿಕೆ ಶೇ. 50! ಭುಜ ನೋಯೋದು ಇಲ್ಲೇ. ಹಗುರ ಡಂಬೆಲ್ಲಿನಲ್ಲಿ ಮೊದಲು ಎಣಿಕೆಯನ್ನ 15ರವರೆಗೆ ಏರಿಸಿಕೊಂಡು ಆಮೇಲೆ ಮುಂದಿನದಕ್ಕೆ ಹೋಗಿ. ಸ್ಯಾಂಡೋನ ಕೋಷ್ಟಕದ ಜಾಣತನ ಇದೇ ಆಗಿತ್ತು.

ಈ ಏರಿಕೆ ಶಾಶ್ವತ ಅಲ್ಲ. ವಾರಕ್ಕೆ 2.5 ಕಿಲೋದಂತೆ 16 ವಾರಕ್ಕೆ 40 ಕಿಲೋ ಅಂತ ಕಾಗದದ ಮೇಲೆ ಬರುತ್ತೆ, ದೇಹ ಸರಳರೇಖೆಯಲ್ಲ. ಕೆಲವು ವಾರಗಳ ನಂತರ ಗ್ರಾಫ್ ಬಾಗುತ್ತೆ. ಆಗ ಎರಡು ವಾರಕ್ಕೊಮ್ಮೆ ಏರಿಸಿ, ಬೇಜಾರಾಗಬೇಡಿ. ಇಂಟರ್ನಲ್ಸ್ ವಾರದಲ್ಲಿ ಪೂರ್ತಿ ಬಿಡಬೇಡಿ; ತೂಕ ಅಷ್ಟೇ ಇಟ್ಟು ಸೆಟ್ಟುಗಳನ್ನ ಅರ್ಧ ಮಾಡಿ, ಒಂದೋ ಎರಡೋ ದಿನ ಹೋಗಿಬನ್ನಿ. ಗಳಿಸೋಕಿಂತ ಉಳಿಸಿಕೊಳ್ಳೋಕೆ ಬೇಕಾಗೋದು ಕಡಿಮೆ. ಪರೀಕ್ಷೆ ಮುಗಿದ ಮೇಲೆ ಮತ್ತೆ ಮೊದಲಿನಿಂದ ಶುರು ಮಾಡೋ ಪಾಡು ತಪ್ಪುತ್ತೆ.

ಊಟದ ವಿಷಯಕ್ಕೆ ಕೋಕೋ ಡಬ್ಬಿ ನೆನಪಿರಲಿ. ಮೊಟ್ಟೆ, ಹಾಲು, ಮೊಸರು, ಬೇಳೆ, ಹೆಸರುಕಾಳು, ಕಡಲೆ, ಶೇಂಗಾ ಮೊದಲು, ಡಬ್ಬಿ ಆಮೇಲೆ. ರಾತ್ರಿ ಮೂರರವರೆಗೆ ಕೋಡಿಂಗ್ ಮಾಡಿ ಬೆಳಿಗ್ಗೆ ಡೆಡ್‌ಲಿಫ್ಟ್ ಎತ್ತೋಕೆ ಹೋಗಬೇಡಿ. ನಿದ್ದೆಯೂ ಈ ಯೋಜನೆಯ ಭಾಗವೇ. ಬೆಂಚ್ ಪ್ರೆಸ್ ಮಾಡುವಾಗ ತಲೆಯ ಹಿಂದೆ ಒಬ್ಬರು ನಿಂತಿರಲಿ. ಚುಚ್ಚಿದಂಥ ನೋವು ಬಂದರೆ ನಿಲ್ಲಿಸಿ. ಹೃದಯದ ತೊಂದರೆ, ಹಳೇ ಪೆಟ್ಟು ಇದ್ದವರು ಡಾಕ್ಟರನ್ನ ಕೇಳಿಯೇ ಶುರು ಮಾಡಿ. ಬೇಗ ದೇಹ ಬರಿಸ್ತೀನಿ ಅಂತ ಯಾರಾದರೂ ಸೂಜಿ ತೋರಿಸಿದರೆ ಅಲ್ಲಿಂದ ಎದ್ದು ಬನ್ನಿ.

ಹುಡುಗಿಯರಿಗೆ ಬೇರೆ ಪಾಠ ಬೇಕಾ ಅಂತ ಕೇಳ್ತಾರೆ. ಬೇಡ. ಇದೇ ಪಾಠ, ಇದೇ ಎಣಿಕೆ, ತಮ್ಮ ತಮ್ಮ ತೂಕ.

ಪಕ್ಕದವನ ತೋಳು ನೋಡಿ ನಾಚಿಕೊಳ್ಳೋ ಅಗತ್ಯ ಯಾರಿಗೂ ಇಲ್ಲ. ಹೋಲಿಸಿಕೊಳ್ಳಲೇಬೇಕು ಅಂದ್ರೆ ಹೋದ ತಿಂಗಳ ನಿಮ್ಮದೇ ಪುಟದ ಜೊತೆ ಹೋಲಿಸಿಕೊಳ್ಳಿ. ಹತ್ತು ರೂಪಾಯಿಯ ಒಂದು ನೋಟ್‌ಬುಕ್ ತಗೊಳ್ಳಿ, ಮೊದಲ ಪುಟದಲ್ಲಿ ದಿನಾಂಕ, ಅಭ್ಯಾಸ, ತೂಕ, ಎಣಿಕೆ ಅಂತ ನಾಲ್ಕು ಗೆರೆ ಎಳೆಯಿರಿ. ಸೋಮವಾರ ಸಂಜೆ ಜಿಮ್‌ನಲ್ಲಿ ಸಿಗೋಣ.